ಬೈಕುಲ್ಲಾದ ಲಸಿಕೆ, ಪರೇಲ್‌ನ ಪರೀಕ್ಷೆ

ಬೈಕುಲ್ಲಾ ಎಂದೊಡನೆ ಮುಂಬಯಿ ಕನ್ನಡಿಗರಾದ ನಮಗೆ ರಾಣಿಬಾಗ್ ನೆನಪಾಗುತ್ತದೆ. ಇಲ್ಲಿನ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲೇ ಹಾಫ್ಕಿನ್ ಎಂಬ ವಿಜ್ಞಾನಿ ಪ್ಲೇಗಿನ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಸಿಕೊಂಡರು. ಬಳಿಕ ಬೈಕುಲ್ಲಾ ಜೈಲಿನ ಕೈದಿಗಳೂ ತಾವಾಗಿ ಮುಂದೆ ಬಂದರು.

ಲಸಿಕೆ ಮೈಗೆ ರೋಗಾಣುವಿನ ಗುರುತು ಹೇಳಿಕೊಡುತ್ತದೆ, ಹೋರಾಡಬೇಕಾದುದು ಮೈಯೇ. ಆ ಶಕ್ತಿಯೇ ಇಲ್ಲದೆ ಹುಟ್ಟುವ ಮಕ್ಕಳೂ ಉಂಟು. ಪದೇ ಪದೇ ಜ್ವರ, ನ್ಯುಮೋನಿಯಾ, ಕಿವಿಸೋರು ಬಂದು ಕೂಸು ಸೊರಗಿದರೆ ನಮ್ಮ ಹಿರಿಯರು ಬಾಲಗ್ರಹವೆಂದು ತಾಯಿತ ಕಟ್ಟಿಸುತ್ತಿದ್ದರು. 1952ರಲ್ಲಿ ಅಮೆರಿಕದ ಡಾ. ಬ್ರೂಟನ್ ಇಂಥ ಎಂಟು ವರ್ಷದ ಹುಡುಗನ ರಕ್ತದಲ್ಲಿ ಗಾಮಾ ಗ್ಲಾಬ್ಯುಲಿನ್ ಇಲ್ಲದಿರುವುದನ್ನು ಕಂಡು, ಅದನ್ನೇ ಚುಚ್ಚುಮದ್ದಾಗಿ ಕೊಟ್ಟರು. 1968ರಲ್ಲಿ ಡಾ. ರಾಬರ್ಟ್ ಗುಡ್, ಅಕ್ಕನ ಅಸ್ಥಿಮಜ್ಜೆಯನ್ನು ತಮ್ಮನಿಗೆ ಕೊಟ್ಟು ಒಂದು ಕೂಸನ್ನು ಉಳಿಸಿದರು.

ಇಂದು ಈ ಪರೀಕ್ಷೆಗೆ ನಾವು ದೂರ ಹೋಗಬೇಕಾಗಿಲ್ಲ. ಬೈಕುಲ್ಲಾದಿಂದ ಮೂರನೆಯ ಸ್ಟೇಷನ್ ಪರೇಲ್. ಅಲ್ಲಿ 1929ರಲ್ಲಿ ಆರಂಭವಾದ ವಾಡಿಯಾ ಮಕ್ಕಳ ಆಸ್ಪತ್ರೆಯಿದೆ, ಕೆ.ಇ.ಎಂ. ಆವರಣದಲ್ಲಿ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆಯಿದೆ.

ಆದರೆ ಮನೆಯ ಚರಿತ್ರೆ ಹೇಳಬೇಕಾದವರು ನಾವೇ. ಇಂಥ ದೋಷಗಳಲ್ಲಿ ಹಲವು ವಂಶದಲ್ಲಿ ಹರಿದುಬರುತ್ತವೆ. ಸೋದರಮಾವ, ಅತ್ತೆಮಗನೊಡನೆ ಮದುವೆಯಾಗುವ ನಮ್ಮ ಕುಟುಂಬಗಳಲ್ಲಿ ಕೆಲವಕ್ಕೆ ಅವಕಾಶ ಹೆಚ್ಚು. ಹಾಫ್ಕಿನ್‌ರ ಲಸಿಕೆಯಲ್ಲಿದ್ದುದು ಸತ್ತ ರೋಗಾಣು; ಬಿ.ಸಿ.ಜಿ.ಯಲ್ಲಿರುವುದು ಬಲಗುಂದಿಸಿದರೂ ಜೀವಂತವಾದದ್ದು. ಎಲ್ಲ ಮಕ್ಕಳಿಗೂ ಅದು ಬೇಕಾದದ್ದೇ. ಈ ಮಕ್ಕಳಲ್ಲಿ ಕೆಲವರಿಗೆ ಮಾತ್ರ ಅಪಾಯ. ಮನೆಯಲ್ಲಿ ಹಿಂದೆ ಕೂಸೊಂದು ಸೋಂಕಿನಿಂದ ತೀರಿಕೊಂಡಿದ್ದರೆ, ಹೆರಿಗೆಗೆ ಮುಂಚೆಯೇ ಡಾಕ್ಟರಿಗೆ ತಿಳಿಸೋಣ. ನಾಚಿಕೆಯಿಂದ ಮುಚ್ಚಿಟ್ಟ ಆ ಒಂದು ಮಾತು ಮುಂದಿನ ಕೂಸನ್ನು ಉಳಿಸಬಹುದು.