ಗಾಸಿಪ್ (ಪದ)

'ಗಾಸಿಪ್' ಎಂಬುದು ಎದುರಿಗಿಲ್ಲದವರ ಖಾಸಗಿ ಸಂಗತಿಗಳನ್ನು ಕುರಿತು, ಬಹುಮಟ್ಟಿಗೆ ಖಚಿತ ಆಧಾರವಿಲ್ಲದೆ ಆಡುವ ಮಾತನ್ನು ಸೂಚಿಸುವ ಇಂಗ್ಲಿಷ್ ಪದ. ಹಾಗೆ ಮಾತನಾಡುವ ವ್ಯಕ್ತಿಗೂ ಇದೇ ಹೆಸರು ಸಲ್ಲುತ್ತದೆ. ಇದು ನಾಮಪದವಾಗಿಯೂ ಕ್ರಿಯಾಪದವಾಗಿಯೂ ಬಳಕೆಯಲ್ಲಿದೆ. ಕನ್ನಡದಲ್ಲಿ ಇದನ್ನು 'ಹರಟೆ' ಎಂದು ಅನುವಾದಿಸುವುದುಂಟು. ಆದರೆ ಈ ಎರಡು ಪದಗಳ ಅರ್ಥವ್ಯಾಪ್ತಿ ಒಂದೇ ಅಲ್ಲ.

ವ್ಯುತ್ಪತ್ತಿ

ಹಳೆಯ ಇಂಗ್ಲಿಷಿನ 'ಗಾಡ್‌ಸಿಬ್' ಎಂಬ ಸಮಾಸಪದವೇ ಇದರ ಮೂಲ. 'ಗಾಡ್' ಎಂದರೆ ದೇವರು, 'ಸಿಬ್' ಎಂದರೆ ಬಂಧು. ಕ್ರೈಸ್ತ ಸಂಪ್ರದಾಯದಲ್ಲಿ ಮಗುವಿನ ದೀಕ್ಷಾಸ್ನಾನದ ವೇಳೆ ಅದರ ಧಾರ್ಮಿಕ ಹೊಣೆಯನ್ನು ವಹಿಸಿಕೊಳ್ಳುವವರಿಗೆ ಈ ಗೌರವದ ಹೆಸರಿತ್ತು. ಮುಂದೆ ಇದು ಆಪ್ತ ಸ್ನೇಹಿತರಿಗೂ, ಹೆರಿಗೆಯ ಸಮಯದಲ್ಲಿ ನೆರವಿಗೆ ಸೇರುವ ಗೆಳತಿಯರಿಗೂ ಅನ್ವಯವಾಯಿತು. 16ನೆಯ ಶತಮಾನದಲ್ಲಿ ಊರ ಸುದ್ದಿ ಆಡುವವರು ಎಂಬ ಅರ್ಥವೂ, 19ನೆಯ ಶತಮಾನದಲ್ಲಿ ಆ ಮಾತೇ ಎಂಬ ಅರ್ಥವೂ ಬಂದವು. ಹೀಗೆ ಬಾಂಧವ್ಯದ ಪದವೊಂದು ನಿಂದೆಯ ಪದವಾದುದನ್ನು ಭಾಷಾವಿಜ್ಞಾನದಲ್ಲಿ 'ಹೀನಾರ್ಥಪ್ರಾಪ್ತಿ' ಎನ್ನುತ್ತಾರೆ. ಕಷ್ಟಕಾಲದಲ್ಲಿ ಜೊತೆಗಿದ್ದ ಹೆಂಗಸರ ಮಾತುಕತೆಯನ್ನು ಸಮಾಜವು ಹಗುರವಾಗಿ ಕಂಡ ಬಗೆಯೂ ಈ ಬದಲಾವಣೆಯಲ್ಲಿ ಕಾಣುತ್ತದೆ.

ಸಮೀಪದ 'ಚಾಟರ್' ಪದದ ಮೂಲ ಬೇರೆ. ಅದು ಹಕ್ಕಿಗಳ ಚಿಲಿಪಿಲಿಯನ್ನು ಹೋಲುವ ಅನುಕರಣ ಶಬ್ದ. ಇಂದು ಮೊಬೈಲ್ ಬಳಸುವವರೆಲ್ಲ ಬಲ್ಲ 'ಚಾಟ್' ಅದರ ಮೊಟಕು ರೂಪ.

ಕನ್ನಡದಲ್ಲಿ ಬಳಕೆ

ತುಮಕೂರು, ಗುಬ್ಬಿ, ಕುಣಿಗಲ್ ಭಾಗದ ಆಡುಮಾತಿನಲ್ಲಿ 'ಹರಟೆ ಹೊಡೆ', 'ಹರಟೆ ಕೊಚ್ಚು' ಎಂಬ ಪ್ರಯೋಗಗಳಿವೆ. ಹಳ್ಳಿಗಳಲ್ಲಿ ಪದದ ಮೊದಲಿನ ಹಕಾರವು ಲೋಪವಾಗಿ 'ಅರಟೆ' ಎಂದೂ ಕೇಳಿಬರುತ್ತದೆ. ಅರಳಿಕಟ್ಟೆಯ ಮೇಲೆ ಕುಳಿತು ಮಳೆ, ಬೆಳೆ, ತೆಂಗಿನಕಾಯಿಯ ಧಾರಣೆಗಳನ್ನು ಮಾತನಾಡುವುದೂ ಹರಟೆಯೇ. ಇದರಲ್ಲಿ ಕಾಲಹರಣದ ಆಕ್ಷೇಪವಿರಬಹುದು, ಪರನಿಂದೆ ಇರಲೇಬೇಕೆಂದಿಲ್ಲ. ನಿಂದೆಗೆ 'ಚಾಡಿ', ಆಧಾರವಿಲ್ಲದ ಸುದ್ದಿಗೆ 'ಗಾಳಿಮಾತು', ಊರೆಲ್ಲ ಹರಡಿದ ಸುದ್ದಿಗೆ 'ಗುಲ್ಲು', ಅರ್ಥವಿಲ್ಲದ ಮಾತಿಗೆ 'ಕಾಡುಹರಟೆ' ಎಂಬ ಪ್ರತ್ಯೇಕ ಪದಗಳಿವೆ. ಪತ್ರಿಕೆಗಳ ಸಿನಿಮಾ ಪುಟಗಳಲ್ಲಿ 'ಗಾಸಿಪ್' ಎಂಬ ಪದವೇ ನೇರವಾಗಿ ಬಳಕೆಯಾಗುತ್ತದೆ.

ಸಾಹಿತ್ಯದಲ್ಲಿ

ಇಂಗ್ಲಿಷ್ ಪದವು ಗೌರವ ಕಳೆದುಕೊಂಡರೆ ಕನ್ನಡದ 'ಹರಟೆ' ಗೌರವ ಗಳಿಸಿತು. 20ನೆಯ ಶತಮಾನದಲ್ಲಿ, ಓದುಗನೊಡನೆ ಸಲಿಗೆಯಿಂದ ಮಾತನಾಡುವ ಲಲಿತ ಪ್ರಬಂಧಕ್ಕೂ ಈ ಹೆಸರು ಸಂದಿತು. ಎ. ಎನ್. ಮೂರ್ತಿರಾವ್ (1900–2003) ಅವರ 'ಹಗಲುಗನಸುಗಳು' ಈ ಬಗೆಯ ಬರಹಕ್ಕೆ ಪ್ರಸಿದ್ಧ ನಿದರ್ಶನ.

ಅನುವಾದದಲ್ಲಿ ಎಚ್ಚರ

ಸ್ನೇಹಿತರ ಬಿಡುವಿನ ಮಾತುಕತೆಯ ಸಂದರ್ಭದಲ್ಲಿ 'ಗಾಸಿಪ್' ಪದವನ್ನು 'ಹರಟೆ' ಎನ್ನಬಹುದು. ವ್ಯಕ್ತಿಯ ಮಾನಕ್ಕೆ ಕುಂದು ತರುವ ಮಾತಾದರೆ 'ಚಾಡಿ' ಅಥವಾ 'ಗಾಳಿಮಾತು' ಎಂಬುದೇ ಸರಿ. ಅಲ್ಲಿ 'ಹರಟೆ' ಎಂದರೆ ತಪ್ಪಿನ ತೂಕ ಕಡಿಮೆಯಾಗಿ ಕಾಣುತ್ತದೆ.