ಮಾರಿದ ಬಂದೂಕು, ಮರಳಿ ಕೊಂಡ ಸರಕಾರ

ಯುದ್ಧದ ಚರಿತ್ರೆಯನ್ನೋದುವಾಗ ನಮ್ಮ ದೃಷ್ಟಿ ಸಹಜವಾಗಿ ರಣರಂಗದತ್ತ ಹರಿಯುತ್ತದೆ. ಸೇನೆಗೆ ಬಂದೂಕು ಎಲ್ಲಿಂದ ಬಂದಿತು, ಯಾವ ಬೆಲೆಗೆ ಬಂದಿತು ಎಂದು ವಿಚಾರಿಸುವವರು ವಿರಳ. ಆದರೆ ಪ್ರಜೆಗಳ ತೆರಿಗೆಯ ಹಣವೂ ಸೈನಿಕನ ಪ್ರಾಣವೂ ಆ ಲೆಕ್ಕದ ಪುಸ್ತಕವನ್ನೇ ನಂಬಿಕೊಂಡಿರುತ್ತವೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ನಡೆದ ಒಂದು ವ್ಯಾಪಾರವೂ ಅದರ ವಿಚಾರಣೆಯೂ ಈ ಮಾತಿಗೆ ತಕ್ಕ ನಿದರ್ಶನ.

ಜಾನ್ ಹಾಲ್ ಎಂಬಾತನ ರಚನೆಯಂತೆ ತಯಾರಾದ, ನಳಿಗೆಯ ಹಿಂಬದಿಯಿಂದ ಮದ್ದುಗುಂಡು ತುಂಬುವ ಗಿಡ್ಡ ಬಂದೂಕುಗಳು ಸುಮಾರು 5,000ದಷ್ಟು ಸರಕಾರದ ಉಗ್ರಾಣದಲ್ಲಿದ್ದವು. ಇವು ಹಳೆಯ ಮಾದರಿಯವೆಂದು ಆಯುಧ ಇಲಾಖೆಯವರು ಅವನ್ನು ಒಂದಕ್ಕೆ ಮೂರೂವರೆ ಡಾಲರಿನಂತೆ ಆರ್ಥರ್ ಈಸ್ಟ್‌ಮನ್ ಎಂಬ ವರ್ತಕನಿಗೆ ಮಾರಲು ಒಪ್ಪಿದರು. ಈಸ್ಟ್‌ಮನ್ ಅವನ್ನು ಸೈಮನ್ ಸ್ಟೀವನ್ಸ್ ಎಂಬವನಿಗೆ ಹನ್ನೆರಡೂವರೆ ಡಾಲರಿಗೆ ಕೊಡಲು ಒಡಂಬಟ್ಟನು. ಅದೇ ಆಗಸ್ಟ್ ತಿಂಗಳಲ್ಲಿ ಸೇಂಟ್ ಲೂಯಿಸಿನಲ್ಲಿದ್ದ ಸೇನಾಪತಿ ಫ್ರೆಮಾಂಟನು ಆಯುಧಗಳಿಲ್ಲದೆ ಕಂಗೆಟ್ಟಿದ್ದನು. ಸ್ಟೀವನ್ಸನು ತಂತಿಯ ಮೂಲಕ ಒಂದಕ್ಕೆ 22 ಡಾಲರ್ ಎಂದು ತಿಳಿಸಿದನು. ಸೇನಾಪತಿ ತಂತಿಯಲ್ಲೇ ಒಪ್ಪಿಗೆಯಿತ್ತನು.

ವಾಚಕರು ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಫ್ರೆಮಾಂಟನು ಒಪ್ಪಿದ ಗಳಿಗೆಯಲ್ಲಿ ಆ ಬಂದೂಕುಗಳಿಗೆ ಇನ್ನೂ ಹಣ ಸಂದಿರಲಿಲ್ಲ. ಅವು ಸರಕಾರದ ವಶದಲ್ಲೇ ಇದ್ದವು. ಅನಂತರ ಸ್ಟೀವನ್ಸನಿಗೆ 20,000 ಡಾಲರ್ ಸಾಲ ದೊರೆಯಿತು. ಸಾಲ ಕೊಟ್ಟವನು, ಮುಂದೆ ಜಗತ್ಪ್ರಸಿದ್ಧ ಧನಿಕನಾದ, ಆಗ 24ರ ಹರೆಯದ ಜೆ. ಪಿ. ಮಾರ್ಗನ್. ಆ ಹಣದಿಂದ 17,486 ಡಾಲರ್ ಕಟ್ಟಿ 4,996 ಬಂದೂಕುಗಳನ್ನು ಬಿಡಿಸಿಕೊಂಡರು. ನಳಿಗೆಯ ಒಳಮೈಗೆ ಸುರುಳಿ ಗೀರು ಕೊರೆಯಿಸಲು ತಗಲಿದ ವೆಚ್ಚ ಒಂದಕ್ಕೆ ಒಂದು ಡಾಲರನ್ನು ಮೀರಲಿಲ್ಲ. ಅದೇ ಸರಕು ಅದೇ ಸರಕಾರಕ್ಕೆ ಬಿದ್ದ ಬೆಲೆ 1,09,912 ಡಾಲರ್! ಒಂದು ಕೈ ಮಾರಿದ್ದನ್ನು ಇನ್ನೊಂದು ಕೈ ಆರು ಪಾಲು ಹೆಚ್ಚು ಬೆಲೆಗೆ ಕೊಂಡಿತು.

ಸರಕಾರದ ಗುತ್ತಿಗೆಗಳನ್ನು ಶೋಧಿಸಲು ಪ್ರತಿನಿಧಿ ಸಭೆಯು ಅದೇ ಜುಲೈ ತಿಂಗಳಲ್ಲಿ ನ್ಯೂಯಾರ್ಕಿನ ಸದಸ್ಯ ಚಾರ್ಲ್ಸ್ ವಾನ್ ವೈಕನ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತ್ತು. ಸಮಿತಿಯವರು ನಗರದಿಂದ ನಗರಕ್ಕೆ ಹೋಗಿ ಸಾಕ್ಷಿಗಳನ್ನು ವಿಚಾರಿಸಿ, ಸಾವಿರಕ್ಕೂ ಮಿಕ್ಕಿದ ಪುಟಗಳ ವರದಿಯನ್ನು ವರ್ಷಾಂತ್ಯಕ್ಕೆ ಒಪ್ಪಿಸಿದರು. ಯುದ್ಧಮಂತ್ರಿ ಸೈಮನ್ ಕ್ಯಾಮರಾನನು 1862ರ ಜನವರಿಯಲ್ಲಿ ಅಧಿಕಾರ ಬಿಟ್ಟನು. ಏಪ್ರಿಲಿನಲ್ಲಿ ಸಭೆಯು ಅವನ ಆಡಳಿತವನ್ನು ಖಂಡಿಸಿತು. ಅಧ್ಯಕ್ಷ ಲಿಂಕನನು ಮಾತ್ರ, ದೋಷವೇನಾದರೂ ಇದ್ದಲ್ಲಿ ಅದು ಮಂತ್ರಿಯೊಬ್ಬನದಲ್ಲ, ತನಗೂ ಸಚಿವ ಸಂಪುಟಕ್ಕೂ ಸೇರಿದ್ದೆಂದು ಸಭೆಗೆ ಬರೆದನು. ಆರೋಪಕ್ಕೆ ಗುರಿಯಾದವರಿಗೆ ಉತ್ತರ ಹೇಳಲು ಸಾಕಷ್ಟು ಅವಕಾಶ ದೊರೆಯಲಿಲ್ಲವೆಂದು ಸಮಿತಿಯನ್ನೇ ಆಕ್ಷೇಪಿಸಿದ ಸದಸ್ಯರೂ ಇದ್ದರು.

ಹೊಸ ಯುದ್ಧಮಂತ್ರಿ ಸ್ಟಾಂಟನನು 1862ರ ಮಾರ್ಚಿಯಲ್ಲಿ ಜೋಸೆಫ್ ಹೋಲ್ಟ್ ಮತ್ತು ರಾಬರ್ಟ್ ಡೇಲ್ ಓವೆನ್ ಎಂಬಿಬ್ಬರನ್ನು ಆಯುಧಗಳ ಗುತ್ತಿಗೆಗಳ ಪರಿಶೀಲನೆಗೆ ನೇಮಿಸಿದನು. ಅವರು ಸುಮಾರು 5 ಕೋಟಿ ಡಾಲರುಗಳ ಒಪ್ಪಂದಗಳನ್ನು ಜಾಲಿಸಿ, ಸುಮಾರು 1 ಕೋಟಿ 70 ಲಕ್ಷ ಡಾಲರ್ ಬೊಕ್ಕಸಕ್ಕೆ ಉಳಿಸಿದರು. ಸ್ಟೀವನ್ಸನ ಬೆಲೆಯನ್ನೂ ಬಹಳಷ್ಟು ಇಳಿಸಿದರು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಸ್ಟೀವನ್ಸನು ನ್ಯಾಯಾಲಯದ ಮೆಟ್ಟಿಲೇರಿದನು. ಸೇನಾಪತಿಯ ಒಪ್ಪಿಗೆಯಿಂದ ಒಪ್ಪಂದ ಸಿದ್ಧವಾಯಿತು, ಸರಕಾರ ಅದಕ್ಕೆ ಬದ್ಧ ಎಂದು ತೀರ್ಪಾಯಿತು. ಆ ಬಂದೂಕುಗಳು ಸಿಡಿದು ಸೈನಿಕರ ಹೆಬ್ಬೆರಳುಗಳನ್ನು ಹಾರಿಸಿದುವೆಂಬ ಕತೆ ಮುಂದೆ ಹಬ್ಬಿತಾದರೂ ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಅನ್ಯಾಯವನ್ನು ದೂಷಿಸುವಾಗಲೂ ಇಲ್ಲದ ಅಪರಾಧವನ್ನು ಹೊರಿಸದಿರುವುದು ಚರಿತ್ರಕಾರನ ಧರ್ಮ.

ಹಾಗಾದರೆ ವಿಚಾರಣೆ ವ್ಯರ್ಥವಾಯಿತೆ? ಇಲ್ಲ. ಒಂದು ಕಚೇರಿಯ ಮಾರಾಟ ಇನ್ನೊಂದು ಕಚೇರಿಗೆ ತಿಳಿಯದಿರುವುದೇ ಲಾಭಕೋರನಿಗೆ ದಾರಿಯೆಂದು ಅದು ದೇಶಕ್ಕೆ ತೋರಿಸಿಕೊಟ್ಟಿತು. ಇಂತಹ ಗುತ್ತಿಗೆಗಳ ಅನುಭವದ ಫಲವಾಗಿ 1863ರ ಮಾರ್ಚಿ 2ರಂದು ಒಂದು ಕಾನೂನು ಜಾರಿಗೆ ಬಂದಿತು. ಸುಳ್ಳು ಲೆಕ್ಕ ತೋರಿಸಿ ಸರಕಾರದ ಹಣ ಹೊಡೆದವನು ನಷ್ಟದ ಎರಡು ಪಾಲನ್ನೂ 2,000 ಡಾಲರ್ ದಂಡವನ್ನೂ ತೆರಬೇಕು. ಮೋಸವನ್ನು ಬಯಲಿಗೆಳೆದು ಸರಕಾರದ ಪರವಾಗಿ ದಾವೆ ಹೂಡಿದ ಸಾಮಾನ್ಯ ಪ್ರಜೆಗೂ ವಸೂಲಾದುದರ ಅರ್ಧ ಪಾಲು. ತಿದ್ದುಪಡಿಗಳೊಡನೆ ಆ ಕಾನೂನು ಇಂದಿಗೂ ಜೀವಂತವಾಗಿದೆ.

ರಾಷ್ಟ್ರವೇ ಒಡೆದು ಹೋಗುವಂತಿದ್ದ ಕಾಲದಲ್ಲಿ ಲೆಕ್ಕ ಕೇಳುವುದು ದೇಶದ್ರೋಹವೆಂದು ಹೇಳಿ ಬಾಯಿ ಮುಚ್ಚಿಸುವುದು ಸುಲಭವಿತ್ತು. ಅವರು ಲೆಕ್ಕ ಕೇಳಿದರು, ಯುದ್ಧವನ್ನೂ ಗೆದ್ದರು. ಬೇಲಿಯೇ ಹೊಲ ಮೇಯದಂತೆ ಕಾಯಬೇಕಾದವನು ಹೊಲದ ಒಡೆಯನಾದ ಪ್ರಜೆಯೇ. ಆ ಎಚ್ಚರ ಸಂಕಟಕಾಲದಲ್ಲಿ ಇಮ್ಮಡಿಯಾಗಬೇಕು.