ಅಲ್ಮೋರದ ಬೆಟ್ಟದ ಮೇಲೊಂದು ನೃತ್ಯಶಾಲೆ

ನೀವು ದಿನವೂ ನಡೆಯುತ್ತೀರಿ. ಬಸ್ಸು ಹಿಡಿಯಲು ಓಡುವುದೂ ಉಂಟು. ಆದರೆ ನಡಿಗೆಯನ್ನೇ ಒಂದು ಪಾಠವಾಗಿ ಯಾವ ಶಾಲೆಯಲ್ಲಾದರೂ ಕಲಿತಿದ್ದೀರಾ? 1940ರ ಸುಮಾರಿಗೆ ಹಿಮಾಲಯದ ಮಡಿಲಿನಲ್ಲಿರುವ ಅಲ್ಮೋರ ಎಂಬ ಊರಿನಲ್ಲಿ ಅಂಥದೊಂದು ಶಾಲೆ ಇತ್ತು. ನೃತ್ಯ ಕಲಿಯಲೆಂದು ದೇಶದ ನಾನಾ ಭಾಗಗಳಿಂದ ಬಂದ ತರುಣ ತರುಣಿಯರು ಅಲ್ಲಿ ತಾಳಕ್ಕೆ ಸರಿಯಾಗಿ ಸುಮ್ಮನೆ ನಡೆಯುತ್ತಿದ್ದರು. ಮುದ್ರೆಯಿಲ್ಲ, ಗೆಜ್ಜೆಯಿಲ್ಲ, ಕೇವಲ ನಡಿಗೆ. ವಿಜ್ಞಾನ ಓದಿದ ನನಗೆ ಇದು ಕೌತುಕದ ಸಂಗತಿ. ಒಂದೊಂದು ಹೆಜ್ಜೆಯಲ್ಲೂ ನಾವು ಮುಂದಕ್ಕೆ ಬೀಳುತ್ತಿರುತ್ತೇವೆ, ಬೀಳುವಷ್ಟರಲ್ಲಿ ಇನ್ನೊಂದು ಕಾಲು ಬಂದು ಆಧಾರ ಕೊಡುತ್ತದೆ. ದೇಹದ ಭಾರ ಎಲ್ಲಿದೆ, ಅದು ಯಾವಾಗ ಸರಿಯುತ್ತದೆ ಎಂಬುದನ್ನು ಅರಿಯದವನು ಕುಣಿಯುವುದಾದರೂ ಹೇಗೆ?

ಆ ಶಾಲೆಯ ಹೆಸರು 'ಉದಯಶಂಕರ್ ಇಂಡಿಯಾ ಕಲ್ಚರ್ ಸೆಂಟರ್'. ಅದನ್ನು ಕಟ್ಟಿದ ಉದಯಶಂಕರ್ 1900ರಲ್ಲಿ ಉದಯಪುರದಲ್ಲಿ ಹುಟ್ಟಿದವರು. ಸಿತಾರ್ ವಾದಕ ರವಿಶಂಕರ್ ಅವರ ಹಿರಿಯ ಅಣ್ಣ. ಗುರುವಿನ ಮುಂದೆ ಕುಳಿತು ಬಾಲ್ಯದಿಂದ ನಾಟ್ಯ ಕಲಿತವರು ಇವರಲ್ಲ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಚಿತ್ರಕಲೆ ಅಭ್ಯಾಸ ಮಾಡುತ್ತಿದ್ದ ಈ ತರುಣ, ರಷ್ಯದ ಪ್ರಖ್ಯಾತ ನರ್ತಕಿ ಆನಾ ಪಾವ್ಲೋವಾ ಅವರ ಕಣ್ಣಿಗೆ ಬಿದ್ದದ್ದೇ ತಿರುವು. 1923ರಲ್ಲಿ ಲಂಡನ್ನಿನ ರಂಗದ ಮೇಲೆ ಪಾವ್ಲೋವಾ ರಾಧೆಯಾದರು, ಉದಯಶಂಕರ್ ಕೃಷ್ಣನಾದರು. ಮುಂದೆ ತಮ್ಮದೇ ತಂಡ ಕಟ್ಟಿ ಯೂರೋಪು, ಅಮೆರಿಕಗಳನ್ನು ಸುತ್ತಿದರು. ಶಾಸ್ತ್ರದ ಹಿನ್ನೆಲೆಯಿಲ್ಲದವನು ಭಾರತೀಯ ನೃತ್ಯದ ಹೆಸರಿನಲ್ಲಿ ಏನು ಮಾಡುತ್ತಿದ್ದಾನೆ ಎಂದು ಮೂಗು ಮುರಿದವರಿಗೂ ಕಡಿಮೆಯಿರಲಿಲ್ಲ. ಆ ಟೀಕೆಯಲ್ಲಿ ಹುರುಳಿತ್ತು. ಆದರೆ ಚಿತ್ರಕಾರನ ಕಣ್ಣು ಅವರಿಗೆ ಕೊಟ್ಟದ್ದು ಬೇರೆಯದು. ರಂಗವನ್ನು ಒಂದು ಚೌಕಟ್ಟಾಗಿ ಕಂಡು, ಅದರೊಳಗೆ ಗುಂಪನ್ನು ಹೇಗೆ ನಿಲ್ಲಿಸಬೇಕು, ಹೇಗೆ ಚದುರಿಸಬೇಕು ಎಂದು ಅವರು ಯೋಚಿಸಿದರು. ಒಬ್ಬ ನರ್ತಕಿಯ ಸುತ್ತ ಬೆಳೆದ ನಮ್ಮ ಪರಂಪರೆಯಲ್ಲಿ ಇದು ಹೊಸದು.

ಶಾಲೆಗೆ ಹಣ ಬೇಕಷ್ಟೆ. ಇಂಗ್ಲೆಂಡಿನ ಡಾರ್ಟಿಂಗ್ಟನ್ ಹಾಲ್ ಎಂಬಲ್ಲಿ ಲೆನಾರ್ಡ್ ಮತ್ತು ಡೊರೊತಿ ಎಲ್ಮ್‌ಹರ್ಸ್ಟ್ ದಂಪತಿಗಳು ಕಲೆ ಮತ್ತು ಗ್ರಾಮಜೀವನಗಳನ್ನು ಕೂಡಿಸುವ ಒಂದು ಪ್ರಯೋಗ ನಡೆಸುತ್ತಿದ್ದರು. ಲೆನಾರ್ಡ್ ಅದಕ್ಕೂ ಮೊದಲು ರವೀಂದ್ರನಾಥ ಠಾಕೂರರ ಶ್ರೀನಿಕೇತನದಲ್ಲಿ ದುಡಿದವರು. ಅವರ ನೆರವಿನಿಂದ ಅಲ್ಮೋರದ ಕನಸು ನೆಲ ಹಿಡಿಯಿತು. ಆಗ ಕೇರಳದಲ್ಲಿ ವಳ್ಳತ್ತೋಳರ ಕಲಾಮಂಡಲಂ (1930), ಮದರಾಸಿನಲ್ಲಿ ರುಕ್ಮಿಣೀದೇವಿಯವರ ಕಲಾಕ್ಷೇತ್ರ (1936) ಆಗಲೇ ಇದ್ದವು. ಅವೆರಡೂ ಪರಂಪರೆಯನ್ನು ಉಳಿಸಿ ಬೆಳೆಸಲು ಹೊರಟ ಸಂಸ್ಥೆಗಳು. ಅಲ್ಮೋರದ ಉದ್ದೇಶ ಅದಾಗಿರಲಿಲ್ಲ.

ಹಾಗೆಂದು ಅಲ್ಲಿ ಪರಂಪರೆಗೆ ಬಾಗಿಲು ಮುಚ್ಚಿತ್ತೆಂದು ಭಾವಿಸಬೇಡಿ. ಕಥಕಳಿಗೆ ಶಂಕರನ್ ನಂಬೂದಿರಿ, ಭರತನಾಟ್ಯಕ್ಕೆ ಬಾಲಸರಸ್ವತಿಯವರ ಗುರು ಕಂದಪ್ಪ ಪಿಳ್ಳೈ, ಮಣಿಪುರಿಗೆ ಅಮೋಬಿ ಸಿಂಗ್, ಸಂಗೀತಕ್ಕೆ ಉಸ್ತಾದ್ ಅಲ್ಲಾವುದ್ದೀನ್ ಖಾನ್! ಇಂಥ ದಿಗ್ಗಜರು ಒಂದೇ ಅಂಗಳದಲ್ಲಿ ಪಾಠ ಹೇಳಿದ ಇನ್ನೊಂದು ಉದಾಹರಣೆ ನನಗೆ ನೆನಪಾಗುತ್ತಿಲ್ಲ. ಪಾಠಕ್ರಮವನ್ನು ರೂಪಿಸಿದವರು ತಂಡದ ನರ್ತಕಿ ಜೊಹ್ರಾ. ಮುಂದೆ ಜೊಹ್ರಾ ಸೆಹಗಲ್ ಎಂದು ನೀವೆಲ್ಲ ತೆರೆಯ ಮೇಲೆ ಕಂಡ, 102 ವರ್ಷ ಬಾಳಿ 2014ರಲ್ಲಿ ತೀರಿಕೊಂಡ ಆ ತುಂಟ ಅಜ್ಜಿ.

ಈ ಗುರುಗಳ ಪಾಠದ ಜೊತೆಗೆ ಉದಯಶಂಕರರದೇ ಒಂದು ತರಗತಿ ಇರುತ್ತಿತ್ತು. ಶಾಲೆಯ ಜೀವಾಳ ಅದೇ. ಸಂಗೀತದಲ್ಲಿ ನಾವು ಮನೋಧರ್ಮ ಎನ್ನುತ್ತೇವಲ್ಲ, ಅದನ್ನು ಅವರು ದೇಹಕ್ಕೆ ತಂದರು. ಒಂದು ಸನ್ನಿವೇಶ ಕೊಟ್ಟು ವಿದ್ಯಾರ್ಥಿಗಳೇ ಚಲನೆಯನ್ನು ಕಂಡುಕೊಳ್ಳುವಂತೆ ಮಾಡುತ್ತಿದ್ದರು. ಸುತ್ತಲಿನ ಜನರನ್ನು, ಅವರ ಕೆಲಸವನ್ನು ಗಮನಿಸುವುದೂ ಅಭ್ಯಾಸದ ಭಾಗ. 'ಲೇಬರ್ ಅಂಡ್ ಮೆಷಿನರಿ' ಎಂಬ ಅವರ ನೃತ್ಯದಲ್ಲಿ ಕಾರ್ಖಾನೆಯ ಯಂತ್ರ, ಅದಕ್ಕೆ ದಾಸನಾದ ಕಾರ್ಮಿಕ ಎರಡೂ ಮನುಷ್ಯದೇಹಗಳೇ. ರಾಮಲೀಲೆಯನ್ನು ನೆರಳಾಟವಾಗಿಯೂ ಆಡಿಸಿದರು. ನಮ್ಮ ತೊಗಲುಗೊಂಬೆಯಾಟ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಗೊಂಬೆಯ ಬದಲು ಪರದೆಯ ಹಿಂದೆ ನರ್ತಕರೇ ಇದ್ದರು, ಅಷ್ಟೆ.

ಇಷ್ಟೆಲ್ಲ ಇದ್ದ ಶಾಲೆ 1944ರಲ್ಲಿ ಮುಚ್ಚಿಹೋಯಿತು. ಐದು ವರ್ಷದ ಪಾಠಕ್ರಮವನ್ನು ಪೂರ್ತಿ ಮುಗಿಸುವಷ್ಟು ಕಾಲವೂ ಅದು ಬದುಕಲಿಲ್ಲ. ಯುದ್ಧಕಾಲದ ಬಿಕ್ಕಟ್ಟು, ಹಣದ ಮುಗ್ಗಟ್ಟು, ಒಳಗಿನ ಮನಸ್ತಾಪ ಎಲ್ಲವೂ ಸೇರಿದ್ದವು. ಉದಯಶಂಕರರ ಮನಸ್ಸು ಆಗಲೇ ಸಿನಿಮಾ ಕಡೆಗೆ ವಾಲಿತ್ತು. ಒಬ್ಬ ವ್ಯಕ್ತಿಯ ಪ್ರತಿಭೆಯ ಸುತ್ತಲೇ ಕಟ್ಟಿದ ಸಂಸ್ಥೆ, ಆ ವ್ಯಕ್ತಿ ಬೇರೆಡೆ ತಿರುಗಿದಾಗ ನಿಲ್ಲಲಾರದೆ ಹೋಯಿತೆಂದೇ ನನ್ನ ಅಭಿಪ್ರಾಯ. ಕಲಾಮಂಡಲಂ, ಕಲಾಕ್ಷೇತ್ರಗಳು ಇಂದಿಗೂ ಇವೆ. ಅಲ್ಮೋರದ ಶಾಲೆ ಇಲ್ಲ.

ಆದರೆ ಅಲ್ಲಿದ್ದವರು ಎಲ್ಲಿ ಹೋದರು? ಬಂಗಾಳದ ಭೀಕರ ಕ್ಷಾಮ (1943) ದೇಶವನ್ನು ಕಲಕಿದ್ದ ಕಾಲ. ಅಲ್ಮೋರದಲ್ಲಿ ಕಲಿಸುತ್ತಿದ್ದ ಶಾಂತಿ ಬರ್ಧನ್ ಮುಂಬಯಿಗೆ ಹೋಗಿ ಜನನಾಟ್ಯ ಸಂಘ, ಅಂದರೆ ಇಪ್ಟಾದ ಕೇಂದ್ರ ತಂಡಕ್ಕೆ ನೃತ್ಯಗಳನ್ನು ಸಂಯೋಜಿಸಿದರು. ಅಲ್ಮೋರದ ಗೆಳೆಯರೂ ಜೊತೆಗೂಡಿದರು. 1952ರಲ್ಲಿ ಅವರು ಸ್ಥಾಪಿಸಿದ ಲಿಟ್ಲ್ ಬ್ಯಾಲೆ ಟ್ರೂಪ್‌ನ 'ರಾಮಾಯಣ'ದಲ್ಲಿ ನರ್ತಕರು ಗೊಂಬೆಗಳಂತೆ ಚಲಿಸುತ್ತಿದ್ದರು. ಕ್ಷಯರೋಗದಿಂದ ಬಳಲುತ್ತಿದ್ದ ಬರ್ಧನ್ 1954ರಲ್ಲಿ ತೀರಿಕೊಂಡರೂ ತಂಡ ಉಳಿಯಿತು. ಇನ್ನೊಬ್ಬ ವಿದ್ಯಾರ್ಥಿ ನರೇಂದ್ರ ಶರ್ಮ ದೆಹಲಿಯಲ್ಲಿ ಶಾಲಾಮಕ್ಕಳಿಗೆ ನೃತ್ಯ ಕಲಿಸುತ್ತಾ 1972ರಲ್ಲಿ 'ಭೂಮಿಕಾ' ತಂಡ ಕಟ್ಟಿದರು.

ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ಹುಡುಗನೂ ಅಲ್ಲಿದ್ದ. ವಸಂತಕುಮಾರ ಪಡುಕೋಣೆ; ನೀವು ಬಲ್ಲ ಹೆಸರು ಗುರುದತ್. ಹದಿಹರೆಯದಲ್ಲಿ ಅಲ್ಮೋರ ಸೇರಿದ ಅವರು ಶಾಲೆ ಮುಚ್ಚಿದ ಮೇಲೆ ಪುಣೆಯ ಪ್ರಭಾತ್ ಸ್ಟುಡಿಯೋಗೆ ಬಂದು, 'ಹಮ್ ಏಕ್ ಹೈ' (1946) ಚಿತ್ರಕ್ಕೆ ನೃತ್ಯ ಸಂಯೋಜಿಸಿದರು. 'ಪ್ಯಾಸಾ' (1957), 'ಕಾಗಜ್ ಕೆ ಫೂಲ್' (1959) ಚಿತ್ರಗಳ ಹಾಡುಗಳನ್ನು ಧ್ವನಿ ತಗ್ಗಿಸಿ ಒಮ್ಮೆ ನೋಡಿ. ಪಾತ್ರ ಎಲ್ಲಿ ನಿಲ್ಲುತ್ತದೆ, ಕ್ಯಾಮೆರಾ ಯಾವಾಗ ಅದರತ್ತ ನಡೆಯುತ್ತದೆ ಎಂಬುದನ್ನು ಗಮನಿಸಿ. ಅಲ್ಮೋರದ ಪಾಠ ನನಗೆ ಅಲ್ಲಿ ಕಾಣುತ್ತದೆ.

ಆ ಶಾಲೆಯ ದಿನಗಳನ್ನು ಕಣ್ಣಾರೆ ಕಾಣಲು ನಮಗೆ ಉಳಿದಿರುವ ದೊಡ್ಡ ಆಧಾರ 'ಕಲ್ಪನಾ' ಚಿತ್ರ. ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿ ಚಿತ್ರಿತವಾಗಿ 1948ರಲ್ಲಿ ತೆರೆಕಂಡ ಇದರ ಕಥೆಯೇ ಬೆಟ್ಟದಲ್ಲಿ ಕಲಾಕೇಂದ್ರ ಕಟ್ಟುವ ಕನಸುಗಾರನದು. ನಾಯಕ ಉದಯಶಂಕರ್, ನಾಯಕಿ ಅವರ ಪತ್ನಿ ಅಮಲಾ. ಹಣ ತರಲಿಲ್ಲ. ಕಾಲಾಂತರದಲ್ಲಿ ಒಳ್ಳೆಯ ಪ್ರತಿಯೊಂದು ಸಿಗುವುದೇ ದುರ್ಲಭವಾಯಿತು. ಕೊನೆಗೆ ಪುನರುಜ್ಜೀವನಗೊಂಡ ಪ್ರತಿ 2012ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾದಾಗ, ತೊಂಬತ್ತು ದಾಟಿದ್ದ ಅಮಲಾ ಶಂಕರ್ ಅಲ್ಲಿದ್ದರು. ಟೆಲಿವಿಷನ್ ಕೆಲಸದಲ್ಲಿರುವ ನನಗೆ ಇದು ಕಲೆಯಷ್ಟೇ ಕಾಡುವ ವಿಷಯ. ಚಿತ್ರೀಕರಿಸದ ನೃತ್ಯ ನರ್ತಕರೊಂದಿಗೇ ಹೋಗಿಬಿಡುತ್ತದೆ. ಚಿತ್ರೀಕರಿಸಿದ್ದೂ ಜೋಪಾನ ಮಾಡದಿದ್ದರೆ ಉಳಿಯದು.

ಇನ್ನೊಂದು ಎಳೆ ನಮ್ಮ ಊರಿನದು. ಬೆಂಗಳೂರಿನ ಬಿ.ಆರ್.ವಿ. ಟಾಕೀಸಿನಲ್ಲಿ ಉದಯಶಂಕರರ ತಂಡ ಪ್ರದರ್ಶನ ಕೊಟ್ಟಾಗ, ಸಭಿಕರಲ್ಲಿ ಮಲ್ಲೇಶ್ವರದ ಗೃಹಸ್ಥರೊಬ್ಬರಿದ್ದರು. ಹೆಣ್ಣುಮಕ್ಕಳು ಸಭೆಯಲ್ಲಿ ಹಾಡಿ ಕುಣಿಯುವುದು ಒಪ್ಪಿತವಲ್ಲದ ಮನೆತನ. ಅಂದು ಕಂಡದ್ದರಿಂದ ಮನಸ್ಸು ಬದಲಾಯಿಸಿದ ಅವರು ತಮ್ಮ ಹೆಣ್ಣುಮಕ್ಕಳಿಗೆ ನೃತ್ಯ ಕಲಿಸಲು ನಿರ್ಧರಿಸಿದರು. ಅವರಲ್ಲೊಬ್ಬಳು ಮಾಯಾ. ಕಥಕ್ ಕಲಿತು, 1960ರ ದಶಕದ ಮೊದಲ ವರ್ಷಗಳಲ್ಲಿ ಸೋವಿಯತ್ ರಷ್ಯದಲ್ಲಿ ನೃತ್ಯ ಸಂಯೋಜನೆಯನ್ನೇ ಶಾಸ್ತ್ರವಾಗಿ ಅಭ್ಯಾಸ ಮಾಡಿ ಬಂದ ಮಾಯಾ ರಾವ್, ಕಮಲಾದೇವಿ ಚಟ್ಟೋಪಾಧ್ಯಾಯರ ಬೆಂಬಲದಿಂದ ದೆಹಲಿಯಲ್ಲಿ ಆ ವಿದ್ಯೆಗಾಗಿ ಶಾಲೆ ತೆರೆದರು. 1987ರಲ್ಲಿ ಅದನ್ನು ಬೆಂಗಳೂರಿಗೆ ತಂದು, 2014ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ನೆಲೆಸಿದರು. ಅವರ ಮಗಳು ಮಧು ನಟರಾಜ್ 1995ರಲ್ಲಿ ಇದೇ ಊರಿನಲ್ಲಿ ಸಮಕಾಲೀನ ನೃತ್ಯದ ತಂಡವೊಂದನ್ನು ಆರಂಭಿಸಿದರು.